ಕೂಟಕ್ಕೆ ಹೊರಟ ಮಕ್ಕಳಿಗೆ

ಮಕ್ಕಳೇ, ಮೊದಲ ಸಲ ದೊಡ್ಡ ಕ್ರೀಡಾಕೂಟಕ್ಕೆ ಹೊರಟಿದ್ದೀರಿ. ಬ್ಲೇಜರಿಗೆ ಅಳತೆ ಕೊಟ್ಟಾಯಿತು, ಪಾಸ್‌ಪೋರ್ಟ್ ಕೈಗೆ ಬಂತು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ‘ನಾಡಾ’ದವರು ಬಂದು ಪಾಠ ಮಾಡಿ ಹೋದರು, ಡಯಟೀಷಿಯನ್ ಏನು ತಿನ್ನಬೇಕು, ಏನು ಬಿಡಬೇಕು ಅಂತ ಪಟ್ಟಿ ಕೊಟ್ಟರು. ಒಂದು ವಿಷಯ ಮಾತ್ರ ಹಾಗೇ ಉಳಿದಿದೆ. ಶಿಬಿರದ ಕೊನೆಯ ದಿನ ಮ್ಯಾನೇಜರ್ ಎದ್ದು ನಿಂತು ‘ಶಿಸ್ತಾಗಿ ಇರಿ, ದೇಶಕ್ಕೆ ಕೆಟ್ಟ ಹೆಸರು ತರಬೇಡಿ’ ಅನ್ನುತ್ತಾರೆ. ನೀವು ತಲೆ ತಗ್ಗಿಸುತ್ತೀರಿ, ಅವರು ಕೂರುತ್ತಾರೆ, ಅಲ್ಲಿಗೆ ಮುಗಿಯಿತು. ಏನು ಹೇಳಬೇಕಿತ್ತೋ ಅದನ್ನು ಯಾರೂ ಹೇಳಿರುವುದಿಲ್ಲ.

ನಾನು ತಂಡಗಳ ಜೊತೆ ಓಡಾಡಿದ ಹಳೆಯ ಡಾಕ್ಟರು. ಕ್ರೀಡಾ ಹಾಸ್ಟೆಲ್ಲಿನ ಹುಡುಗ ಹುಡುಗಿಯರ ಕಾಲು ಉಳುಕು, ಜ್ವರ, ಮುಟ್ಟಿನ ನೋವು ನೋಡುತ್ತಲೇ ಕೂದಲು ಬೆಳ್ಳಗಾಯಿತು. ಲೈಂಗಿಕ ಆರೋಗ್ಯದ ವಿಷಯದಲ್ಲಿ ಎದುರಾಗುವ ತೊಂದರೆಗಳಲ್ಲಿ ಬಹಳಷ್ಟಕ್ಕೆ ಮದ್ದಿದೆ. ಆದರೆ ಆ ಮದ್ದಿಗೆ ಗಡುವಿದೆ, ಕೆಲವಕ್ಕೆ ಗಂಟೆಗಳ ಗಡುವು. ನಾಚಿಕೊಂಡು ಸುಮ್ಮನಿದ್ದರೆ ಆ ಗಂಟೆಗಳು ಕಳೆದುಹೋಗುತ್ತವೆ. ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ಮೊದಲು ನೀವು ಹೋಗುವ ಜಾಗದ ಬಗ್ಗೆ. ಒಲಿಂಪಿಕ್ಸ್‌ನಂಥ ಕೂಟದ ಕ್ರೀಡಾಗ್ರಾಮದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳು ಒಟ್ಟಿಗಿರುತ್ತಾರೆ. ಬಹುತೇಕ ನಿಮ್ಮದೇ ವಯಸ್ಸು. ವರ್ಷಗಟ್ಟಲೆ ಬಿಗಿಹಿಡಿದ ಬದುಕು, ಸ್ಪರ್ಧೆ ಮುಗಿದ ರಾತ್ರಿ ಒಮ್ಮೆಲೇ ಸಡಿಲಾಗುತ್ತದೆ. ಗೆದ್ದವರಿಗೆ ಸಂಭ್ರಮ, ಸೋತವರಿಗೆ ಒಂಟಿತನ, ಇಬ್ಬರಿಗೂ ಕೈಯಲ್ಲಿ ಬಿಡುವು. ಅಲ್ಲಿ ಸ್ನೇಹ ಬೆಳೆಯುತ್ತದೆ, ಕೆಲವೊಮ್ಮೆ ಸ್ನೇಹಕ್ಕಿಂತ ಹೆಚ್ಚಿನದೂ ಆಗುತ್ತದೆ. ಇದರಲ್ಲಿ ಬೆಚ್ಚಿಬೀಳುವಂಥದ್ದೇನೂ ಇಲ್ಲ.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕ್ರೀಡಾಗ್ರಾಮದೊಳಗೆ ಕಾಂಡೋಮ್ ಹಂಚಿದರು, ಸುಮಾರು 8,500. ಜಗತ್ತಿಗೆಲ್ಲ ಏಡ್ಸ್ ಭಯ ಹಿಡಿದಿದ್ದ ಕಾಲ ಅದು. ಅದೇ ಕೂಟದಲ್ಲಿ ಅಮೆರಿಕದ ಡೈವಿಂಗ್ ಪಟು ಗ್ರೆಗ್ ಲೊಗೇನಿಸ್ ಮೂರು ಮೀಟರ್ ಸ್ಪ್ರಿಂಗ್‌ಬೋರ್ಡಿನಿಂದ ಜಿಗಿದು ತಿರುಗುವಾಗ ಹಲಗೆಯ ತುದಿಗೆ ತಲೆ ಬಡಿದು ನೀರಿಗೆ ಬಿದ್ದರು. ತಲೆಯಿಂದ ರಕ್ತ. ತಮಗೆ ಎಚ್‌ಐವಿ ಇದೆಯೆಂದು ಅವರಿಗೆ ಆರು ತಿಂಗಳ ಹಿಂದಷ್ಟೇ ಗೊತ್ತಾಗಿತ್ತು. ಹೇಳಿದರೆ ಸ್ಪರ್ಧೆಗೇ ಬಿಡುವುದಿಲ್ಲ ಎಂಬ ಭಯಕ್ಕೆ ಗುಟ್ಟಾಗಿಟ್ಟಿದ್ದರು. ತಂಡದ ಡಾಕ್ಟರು ಓಡಿಬಂದು ಕೈಗವಸು ಹಾಕಿಕೊಳ್ಳದೆಯೇ ಹೊಲಿಗೆ ಹಾಕಿದರು. ಲೊಗೇನಿಸ್ ಮತ್ತೆ ಹಲಗೆ ಹತ್ತಿದರು, ಆ ಕೂಟದಲ್ಲಿ ಎರಡು ಚಿನ್ನ ಗೆದ್ದರು. ಬಾಯಿಬಿಟ್ಟು ಹೇಳಿದ್ದು 1995ರಲ್ಲಿ. ಆ ಡಾಕ್ಟರಿಗೆ ಸೋಂಕು ತಗಲಿರಲಿಲ್ಲ. ಈಜುಕೊಳದ ನೀರಿನಿಂದ ಎಚ್‌ಐವಿ ಹರಡುವುದೂ ಇಲ್ಲ.

ಆ ಡಾಕ್ಟರಿಗೆ ಹೇಳಲಾಗದೆ ತುಟಿ ಕಚ್ಚಿಕೊಂಡು ಕೂತ ಆ ಹುಡುಗನನ್ನು ನಾನು ತಪ್ಪಿತಸ್ಥ ಅನ್ನಲಾರೆ. ಹೇಳಿದರೆ ಬದುಕೇ ಹೋಗುತ್ತದೆ ಎಂಬಂಥ ವಾತಾವರಣ ಮಾಡಿಟ್ಟವರದ್ದು ತಪ್ಪು. ಇವತ್ತು ಪರಿಸ್ಥಿತಿ ಬೇರೆ. ನಮ್ಮ ದೇಶದಲ್ಲೇ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, ಆ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ಸರಿಯಾಗಿ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.

ಸೋಲ್ ನಂತರ ಕಾಂಡೋಮ್ ಹಂಚುವುದು ಪದ್ಧತಿಯೇ ಆಯಿತು. 2016ರ ರಿಯೊದಲ್ಲಿ 4,50,000, ಅದರಲ್ಲಿ ಒಂದು ಲಕ್ಷ ಮಹಿಳೆಯರು ಬಳಸುವಂಥವು. ಪತ್ರಿಕೆಗಳು ಈ ಸಂಖ್ಯೆಯನ್ನು ಕ್ರೀಡಾಪಟುಗಳ ತಲೆಗೆ ಭಾಗಿಸಿ ಏನೇನೋ ಬರೆದವು. ಆ ಬರಹ ಓದಿ ‘ಅಲ್ಲಿ ಎಲ್ಲರೂ ಹಾಗೇ, ನಾನೂ ಇರಬೇಕೇನೋ’ ಅಂದುಕೊಳ್ಳಬೇಡಿ. ಬಹಳ ಜನ ಅದನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಕೋವಿಡ್ ಕಾಲದ ಟೋಕಿಯೊದಲ್ಲಂತೂ ಊರಿಗೆ ಹೊರಡುವಾಗಲೇ ಕೊಟ್ಟು, ನಿಮ್ಮ ನಾಡಿನಲ್ಲಿ ಜಾಗೃತಿ ಮೂಡಿಸಿ ಅಂದರು. 2010ರ ದಿಲ್ಲಿ ಕಾಮನ್‌ವೆಲ್ತ್ ಕೂಟದಲ್ಲಿ ಬಳಸಿದ ಕಾಂಡೋಮ್‌ಗಳಿಂದ ಕ್ರೀಡಾಗ್ರಾಮದ ಚರಂಡಿ ಕಟ್ಟಿಕೊಂಡಿತೆಂದು ನಮ್ಮ ಪತ್ರಿಕೆಗಳು ಗುಲ್ಲೆಬ್ಬಿಸಿದವು. ಆಗ ಕಾಮನ್‌ವೆಲ್ತ್ ಕ್ರೀಡಾ ಒಕ್ಕೂಟದ ಅಧ್ಯಕ್ಷರಾಗಿದ್ದ ಮೈಕ್ ಫೆನೆಲ್, ಅದು ನಿಜವಾದರೆ ಕ್ರೀಡಾಪಟುಗಳು ಜವಾಬ್ದಾರಿಯಿಂದ ನಡೆದುಕೊಳ್ಳುತ್ತಿದ್ದಾರೆ ಎಂದರ್ಥ, ಒಳ್ಳೆಯ ಸುದ್ದಿಯೇ ಎಂಬ ಅರ್ಥದಲ್ಲಿ ಉತ್ತರಿಸಿದರು. ಆ ಉತ್ತರ ನನಗೆ ಇಂದಿಗೂ ಇಷ್ಟ.

ಬೇಕಿದ್ದರೆ ತೆಗೆದುಕೊಳ್ಳಿ, ಕದ್ದು ತೆಗೆದುಕೊಳ್ಳಬೇಕಿಲ್ಲ. ಪೊಟ್ಟಣದ ಮೇಲಿನ ಎಕ್ಸ್‌ಪೈರಿ ದಿನಾಂಕ ನೋಡಿ. ಪರ್ಸಿನಲ್ಲಿಟ್ಟು ತಿಂಗಳುಗಟ್ಟಲೆ ಬಿಸಿಗೆ ಒಡ್ಡಿದ್ದನ್ನು ನಂಬಬೇಡಿ. ಇನ್ನೊಂದು ಸಂಗತಿ ಕ್ರೀಡಾಪಟುಗಳಿಗೇ ವಿಶೇಷವಾಗಿ ಹೇಳಬೇಕು. ನಿಮ್ಮ ಕಿಟ್‌ಬ್ಯಾಗಿನಲ್ಲಿ ಮಸಾಜ್ ಎಣ್ಣೆ ಇರುತ್ತದೆ, ಮೈಕೈಗೆ ಹಚ್ಚಿಕೊಂಡಿರುತ್ತೀರಿ. ಕೊಬ್ಬರಿ ಎಣ್ಣೆಯಾಗಲಿ, ಮಸಾಜ್ ಎಣ್ಣೆಯಾಗಲಿ, ವ್ಯಾಸಲೀನ್ ಆಗಲಿ ತಗುಲಿದರೆ ಲೇಟೆಕ್ಸ್ ಕಾಂಡೋಮ್ ಕೆಲವೇ ನಿಮಿಷಗಳಲ್ಲಿ ದುರ್ಬಲವಾಗಿ ಹರಿಯುತ್ತದೆ. ನೀರಿನಂಶದ ಜೆಲ್ ಆದರೆ ಸರಿ.

ಇನ್ನು ಒಪ್ಪಿಗೆಯ ಮಾತು. ಹುಡುಗರೇ, ನೀವು ಇದನ್ನು ಎರಡು ಸಲ ಓದಿ. ಆ ಹುಡುಗಿ ನಿಮ್ಮ ಜೊತೆ ಕುಣಿದಳು, ನಕ್ಕಳು, ರೂಮಿನ ತನಕ ಬಂದಳು. ಇದಾವುದೂ ಒಪ್ಪಿಗೆ ಅಲ್ಲ. ಕುಡಿದು ತೂರಾಡುತ್ತಿರುವವರು ಹೂಂ ಅಂದರೂ ಅದು ಒಪ್ಪಿಗೆ ಅಲ್ಲ. ನಡುವೆ ಬೇಡ ಅಂದರೆ ಅಲ್ಲಿಗೇ ನಿಲ್ಲಬೇಕು. ನಿಮಗೂ ಬೇಡ ಅನ್ನುವ ಹಕ್ಕಿದೆ ಕಣ್ರಪ್ಪ. ಗೆಳೆಯರು ಗಂಡಸ್ತನದ ಮಾತಾಡಿ ಛೇಡಿಸಿದರೆಂದು ಮನಸ್ಸಿಲ್ಲದ ಕಡೆ ಹೋಗಬೇಡಿ. ಹದಿನೆಂಟು ತುಂಬದವರ ವಿಷಯದಲ್ಲಿ ನಮ್ಮ ಕಾನೂನಿಗೆ ಒಪ್ಪಿಗೆ ಎಂಬುದೇ ಇಲ್ಲ. ಜಿಮ್ನಾಸ್ಟಿಕ್ಸ್, ಈಜು, ಶೂಟಿಂಗ್ ತಂಡಗಳಲ್ಲಿ ಹದಿನೈದು ಹದಿನಾರರ ಮಕ್ಕಳಿರುತ್ತಾರೆ, ನೋಡಲು ದೊಡ್ಡವರಂತೆ ಕಾಣುತ್ತಾರೆ. ಪೋಕ್ಸೊ ಕಾಯ್ದೆ ಮುಖ ನೋಡಿ ವಯಸ್ಸು ಅಳೆಯುವುದಿಲ್ಲ. ಫೋನ್ ವಿಷಯ ಹೇಳುವುದೇ ಬೇಡ ಅಂದುಕೊಂಡಿದ್ದೆ, ಆದರೂ ಹೇಳುತ್ತೇನೆ: ಖಾಸಗಿ ಫೋಟೊ ತೆಗೆಯಬೇಡಿ, ತೆಗೆಯಲು ಬಿಡಬೇಡಿ. ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಹಣ ಕೊಡದೆ ಮ್ಯಾನೇಜರಿಗೆ ತಿಳಿಸಿ. ನಮ್ಮ ದೇಶದೊಳಗಾದರೆ ಸೈಬರ್ ಸಹಾಯವಾಣಿ 1930.

ಎಚ್ಚರಿಕೆ ವಹಿಸಿಯೂ ಎಡವಟ್ಟಾಗಬಹುದು. ಕಾಂಡೋಮ್ ಹರಿಯಿತು, ಅಥವಾ ಬಳಸಲೇ ಇಲ್ಲ, ಅಥವಾ ನಿಮ್ಮ ಮೇಲೆ ಬಲವಂತವಾಯಿತು. ಗಡುವಿನ ಲೆಕ್ಕ ಆಗ ಶುರು. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ, ಅಂದರೆ ಲಿವೊನಾರ್ಜೆಸ್ಟ್ರಲ್, 72 ಗಂಟೆಯೊಳಗೆ ಆಗಬೇಕು. ಮೊದಲ ದಿನವೇ ತೆಗೆದುಕೊಂಡರೆ ಪರಿಣಾಮ ಹೆಚ್ಚು. ಎಚ್‌ಐವಿ ತಗಲುವ ಸಂಭವವಿದ್ದರೆ ತಡೆಮದ್ದು ಕೂಡ 72 ಗಂಟೆಯೊಳಗೇ ಶುರುವಾಗಬೇಕು, 28 ದಿನ ಬಿಡದೆ ತೆಗೆದುಕೊಳ್ಳಬೇಕು. ನಾಳೆ ಸೆಮಿಫೈನಲ್ ಇದೆ, ಮುಗಿಸಿ ನೋಡೋಣ, ಊರಿಗೆ ಹೋಗಿ ತೋರಿಸೋಣ ಎಂದು ಮುಂದೂಡಿದರೆ ಬಾಗಿಲು ಮುಚ್ಚಿರುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆ ಉದ್ದೀಪನ ಮದ್ದಿನ ಪಟ್ಟಿಯಲ್ಲಿಲ್ಲ. ದಿನನಿತ್ಯದ ಗರ್ಭನಿರೋಧಕ ಮಾತ್ರೆಗಳೂ ಇಲ್ಲ. ಆ ಭಯದಿಂದ ಹಿಂಜರಿಯಬೇಡಿ.

ದೊಡ್ಡ ಕೂಟಗಳಲ್ಲಿ ಪಾಲಿಕ್ಲಿನಿಕ್ ಇರುತ್ತದೆ, ಕ್ರೀಡಾಪಟುಗಳಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ. ತಂಡದ ಡಾಕ್ಟರಿಗೆ ಹೇಳಲು ಮನಸ್ಸಿಲ್ಲದಿದ್ದರೆ ನೇರ ಅಲ್ಲಿಗೇ ಹೋಗಿ. 2026ರ ಐಚಿ–ನಗೋಯಾ ಏಷ್ಯನ್ ಕೂಟಕ್ಕೆ ಒಂದೇ ಕಡೆಯ ದೊಡ್ಡ ಕ್ರೀಡಾಗ್ರಾಮ ಕಟ್ಟದೆ ಹಡಗು, ಹೋಟೆಲ್, ತಾತ್ಕಾಲಿಕ ವಸತಿಗಳಲ್ಲಿ ಉಳಿಸುವ ಯೋಜನೆಯನ್ನು ಸಂಘಟಕರು ಮಾಡಿದರು. ವಸತಿ ಹೀಗೆ ಹರಿದು ಹಂಚಿಹೋಗಿರುವ ಕಡೆ, ವೈದ್ಯಕೀಯ ವ್ಯವಸ್ಥೆ ಎಲ್ಲಿದೆ ಎಂಬುದನ್ನು ಹೋದ ದಿನವೇ ಕೇಳಿ ತಿಳಿಯಬೇಕು.

ಊರಿಗೆ ಬಂದ ಮೇಲೂ ಒಂದು ಕೆಲಸವಿದೆ. ಕ್ಲಮೀಡಿಯ, ಗನೋರಿಯದಂಥ ಸೋಂಕು ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ, ಹೆಣ್ಣುಮಕ್ಕಳಲ್ಲಂತೂ ಒಳಗೊಳಗೇ ಗರ್ಭನಾಳ ಕೆಡಿಸುತ್ತದೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಇದೆ, ಐಸಿಟಿಸಿ ಎಂಬ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಫೋನಿನಲ್ಲೇ ಕೇಳಬೇಕೆಂದರೆ 1097.

ಮಾತ್ರೆಗಳ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗಿಲ್ ರಾಬರ್ಟ್ಸ್ ಎಂಬ ಅಮೆರಿಕದ ಓಟಗಾರ, ರಿಯೊದಲ್ಲಿ 4x400 ರಿಲೇ ಚಿನ್ನ ಗೆದ್ದ ತಂಡದವರು. 2017ರ ಮಾರ್ಚ್‌ನಲ್ಲಿ ಅವರ ಮೂತ್ರದಲ್ಲಿ ಪ್ರೊಬೆನೆಸಿಡ್ ಸಿಕ್ಕಿತು, ನಿಷೇಧಿತ ಪದಾರ್ಥ. ಅದು ಬಂದದ್ದೆಲ್ಲಿಂದ? ಅವರ ಗೆಳತಿ ಸೈನಸ್ ಸೋಂಕಿಗೆಂದು ನಮ್ಮ ಭಾರತದ ಔಷಧದ ಅಂಗಡಿಯಲ್ಲಿ ಕೊಂಡಿದ್ದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್‌ನಿಂದ. ಅಮಾಕ್ಸಿಸಿಲಿನ್ ಜೊತೆ ಪ್ರೊಬೆನೆಸಿಡ್ ಬೆರೆಸಿದ ಮದ್ದು ಅದು. ಕ್ಯಾಪ್ಸೂಲ್ ನುಂಗಲಾಗದೆ ಆಕೆ ಅದನ್ನು ಬಿಚ್ಚಿ ಪುಡಿಯನ್ನು ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಆಮೇಲೆ ಇಬ್ಬರೂ ಮುತ್ತಿಟ್ಟುಕೊಂಡರು, ಅಷ್ಟೇ. ವಿಚಾರಣೆಯಲ್ಲಿ ರಾಬರ್ಟ್ಸ್ ನಿರ್ದೋಷಿ ಎಂದು ತೀರ್ಪಾಯಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಮೇಲ್ಮನವಿ ಹೋಯಿತು, 2018ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿಯೂ ಅದೇ ತೀರ್ಪನ್ನು ಎತ್ತಿಹಿಡಿಯಿತು. ಕೆನಡಾದ ದೋಣಿ ಸ್ಪರ್ಧಿ ಲಾರೆನ್ಸ್ ವಿನ್ಸೆಂಟ್-ಲಪಾಯಿಂಟ್ ಅವರದ್ದೂ ಇಂಥದೇ ಕಥೆ, ಸಂಗಾತಿ ತೆಗೆದುಕೊಂಡದ್ದು ಅವರ ದೇಹಕ್ಕೆ ದಾಟಿತ್ತು. ಇಬ್ಬರೂ ಪಾರಾದರು. ಆದರೆ ತಿಂಗಳುಗಟ್ಟಲೆ ವಕೀಲರು, ಅನುಮಾನದ ಕಣ್ಣು, ಖರ್ಚು ಎಲ್ಲವನ್ನೂ ಅನುಭವಿಸಬೇಕಾಯಿತು. ಹಾಸನದಿಂದಲೋ ಹಳಿಯಾಳದಿಂದಲೋ ಬಂದ ಮಗುವಿಗೆ ಅಂಥ ವಕೀಲರನ್ನು ಇಡುವ ಶಕ್ತಿ ಎಲ್ಲಿದೆ? ಹತ್ತಿರದವರು ಏನು ಮದ್ದು ತೆಗೆದುಕೊಳ್ಳುತ್ತಿದ್ದಾರೆಂದು ಸಂಕೋಚವಿಲ್ಲದೆ ಕೇಳಿ.

ಓಟಗಾರ ಲಷಾನ್ ಮೆರಿಟ್ ಅವರಿಗೆ ಆ ಅದೃಷ್ಟವೂ ಇರಲಿಲ್ಲ. 2008ರ ಬೀಜಿಂಗ್‌ನಲ್ಲಿ 400 ಮೀಟರ್ ಚಿನ್ನ ಗೆದ್ದವರು. ಅಂಗಡಿಯಲ್ಲಿ ಸಿಗುವ, ಪುರುಷತ್ವ ಹೆಚ್ಚಿಸುತ್ತದೆಂದು ಜಾಹೀರಾತು ಮಾಡುವ ಮಾತ್ರೆ ನುಂಗಿದರು. ಅದರಲ್ಲಿ ಡಿಎಚ್‌ಇಎ ಎಂಬ ನಿಷೇಧಿತ ಹಾರ್ಮೋನು ಇತ್ತು. 21 ತಿಂಗಳು ಮೈದಾನದಿಂದ ಹೊರಗಿದ್ದರು. ಅದಕ್ಕಿಂತ ನೋವಿನದು, ಯಾರಿಗೂ ಹೇಳಲಾಗದ ವಿಷಯವನ್ನು ಜಗತ್ತಿನ ಮುಂದೆ ಹೇಳಿಕೊಳ್ಳಬೇಕಾಯಿತು. ನಮ್ಮಲ್ಲಿ ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ‘ಶಕ್ತಿವರ್ಧಕ’ ಎಂದು ಬರೆದಿರುವುದನ್ನು ನೋಡಿದ್ದೀರಲ್ಲ. ಅವುಗಳಲ್ಲಿ ಏನಿದೆಯೆಂದು ಮಾರುವವನಿಗೇ ಗೊತ್ತಿರುವುದಿಲ್ಲ. ಅವುಗಳ ತಂಟೆಗೆ ಹೋಗಬೇಡಿ. ಚಿಂತೆಯಿಂದ, ದಣಿವಿನಿಂದ ಆಸಕ್ತಿ ಕುಗ್ಗುವುದು ಸಹಜ. ತೊಂದರೆ ಅನ್ನಿಸಿದರೆ ಡಾಕ್ಟರನ್ನು ಕೇಳಿ.

ಹೆಣ್ಣುಮಕ್ಕಳೇ, ಮುಟ್ಟನ್ನು ಮುಂದೆ ಹಾಕುವ ಮಾತ್ರೆಯ ಬಗ್ಗೆ. ಮನೆಯಲ್ಲಿ ಹಬ್ಬ, ಮದುವೆ ಬಂದಾಗ ಅಮ್ಮಂದಿರು ಮೆಡಿಕಲ್ ಶಾಪಿನಲ್ಲಿ ಕೇಳಿ ತರುತ್ತಾರಲ್ಲ, ಅದು ಬಹುಮಟ್ಟಿಗೆ ನಾರ್‌ಎಥಿಸ್ಟರಾನ್. ನಿಷೇಧಿತ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಆದರೆ ಅದನ್ನು ತೆಗೆದುಕೊಂಡವರ ಮೂತ್ರದಲ್ಲಿ ನ್ಯಾಂಡ್ರೊಲೋನ್ ಎಂಬ ಸ್ಟೀರಾಯ್ಡ್ ಬಿಟ್ಟುಹೋಗುವಂಥದೇ ಅಂಶ ಅಲ್ಪ ಪ್ರಮಾಣದಲ್ಲಿ ಕಾಣಬಹುದು. ಪ್ರಯೋಗಾಲಯದವರಿಗೆ ಇದು ಗೊತ್ತು, ಬೇರ್ಪಡಿಸಿ ನೋಡುವ ಕ್ರಮವೂ ಇದೆ. ನಿಮ್ಮ ಕೆಲಸವೆಂದರೆ, ಡೋಪಿಂಗ್ ಪರೀಕ್ಷೆಯ ಫಾರ್ಮಿನಲ್ಲಿ ಹಿಂದಿನ ಏಳು ದಿನ ತೆಗೆದುಕೊಂಡ ಮದ್ದುಗಳನ್ನು ಬರೆಯುವ ಜಾಗದಲ್ಲಿ ಅದರ ಹೆಸರನ್ನು ತಪ್ಪದೆ ಬರೆಯುವುದು. ಎದುರಿಗೆ ಗಂಡಸು ಅಧಿಕಾರಿ ಕೂತಿದ್ದಾರೆಂದು ನಾಚಿ ಬಿಡಬೇಡಿ. ಆ ಮಾತ್ರೆಯನ್ನು ಮೊದಲ ಸಲ ಕೂಟದಲ್ಲೇ ಪ್ರಯೋಗಿಸಲೂ ಬೇಡಿ. ಕೆಲವರಿಗೆ ಹೊಟ್ಟೆ ಉಬ್ಬರ, ತಲೆನೋವು ಬರುತ್ತದೆ. ಆರು ತಿಂಗಳ ಮೊದಲೇ ಡಾಕ್ಟರ ಜೊತೆ ಮಾತಾಡಿ, ಶಿಬಿರದಲ್ಲೇ ಒಮ್ಮೆ ನೋಡಿರಿ.

2024ರ ಪ್ಯಾರಿಸ್‌ನಲ್ಲಿ ಮೀರಾಬಾಯಿ ಚಾನು ಒಟ್ಟು 199 ಕಿಲೊ ಎತ್ತಿದರು, ಒಂದು ಕಿಲೊ ಅಂತರದಲ್ಲಿ ಕಂಚು ತಪ್ಪಿತು. ಅಂದು ಮುಟ್ಟಿನ ಮೂರನೇ ದಿನ, ನಿಶ್ಶಕ್ತಿ ಇತ್ತು ಎಂದು ಕ್ಯಾಮೆರಾ ಮುಂದೆಯೇ ಹೇಳಿದರು. ಹಾಗೆ ಹೇಳಿದ್ದರಿಂದ ಎಷ್ಟೋ ಹುಡುಗಿಯರಿಗೆ ಉಪಕಾರವಾಯಿತು. ನಿಮ್ಮ ಕೋಚ್ ಗಂಡಸಾದರೂ ತರಬೇತಿಯ ಲೆಕ್ಕದ ಜೊತೆ ಮುಟ್ಟಿನ ದಿನಗಳ ಲೆಕ್ಕವೂ ಅವರಿಗೆ ಗೊತ್ತಿರಲಿ. ಮೂರು ತಿಂಗಳು ಮುಟ್ಟು ನಿಂತರೆ ‘ಒಳ್ಳೇದೇ ಆಯ್ತು, ಕಾಟ ತಪ್ಪಿತು’ ಅನ್ನಬೇಡಿ. ತೂಕ ಇಳಿಸಲೆಂದು ಊಟ ಕಡಿಮೆ ಮಾಡಿದಾಗ ದೇಹ ಮೊದಲು ನಿಲ್ಲಿಸುವುದು ಅದನ್ನೇ, ಹಿಂದೆಯೇ ಮೂಳೆ ಸವೆಯುತ್ತದೆ, ಓಡುವ ಕಾಲಿನಲ್ಲಿ ಬಿರುಕು ಬೀಳುತ್ತದೆ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ನಿಮ್ಮ ಮೇಲೆ ಕೈ ಹಾಕುವವರು ಸಾಮಾನ್ಯವಾಗಿ ಅಪರಿಚಿತರಲ್ಲ. ಆಯ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆಯುವವರು, ಕಾಲು ನೀವುವವರು, ‘ನಿನ್ನನ್ನು ಮಗಳ ಹಾಗೆ ನೋಡ್ಕೋತೀನಿ’ ಅನ್ನುವವರು ಇರಬಹುದು. ಲ್ಯಾರಿ ನಾಸರ್ ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರಾಗಿದ್ದ. ಚಿಕಿತ್ಸೆಯ ಹೆಸರಿನಲ್ಲಿ ವರ್ಷಗಟ್ಟಲೆ ಹುಡುಗಿಯರನ್ನು ಪೀಡಿಸಿದ. ದೂರು ಮೊದಲೂ ಬಂದಿತ್ತು, ಯಾರೂ ಕಿವಿಗೊಡಲಿಲ್ಲ. 2016ರಲ್ಲಿ ರೇಚಲ್ ಡೆನ್‌ಹಾಲೆಂಡರ್ ಹೆಸರು ಹೇಳಿಕೊಂಡೇ ಪತ್ರಿಕೆಯ ಮುಂದೆ ಬಂದರು. 2018ರ ಜನವರಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ನ್ಯಾಯಾಲಯದಲ್ಲಿ ಅವನೆದುರು ನಿಂತು ಮಾತಾಡಿದರು, 40ರಿಂದ 175 ವರ್ಷದ ಶಿಕ್ಷೆಯಾಯಿತು. ನನ್ನದೇ ವೃತ್ತಿಯ ಮನುಷ್ಯ. ಅದಕ್ಕೇ ಡಾಕ್ಟರಾಗಿ ನಿಮಗೆ ಹೇಳುತ್ತೇನೆ: ಯಾವ ಡಾಕ್ಟರು, ಯಾವ ಫಿಸಿಯೊ ಆದರೂ ನಿಮ್ಮನ್ನು ಮುಟ್ಟುವ ಮೊದಲು ಎಲ್ಲಿ, ಯಾಕೆ ಎಂದು ಹೇಳಬೇಕು. ಇನ್ನೊಬ್ಬರು ಕೋಣೆಯಲ್ಲಿರಲಿ ಎಂದು ನೀವು ಕೇಳಬಹುದು. ಹಾಗೆ ಕೇಳಿದ್ದಕ್ಕೆ ಸಿಟ್ಟಾಗುವವರ ಮೇಜಿನಿಂದ ಎದ್ದು ಬನ್ನಿ. ಈ ಮಾತು ಹುಡುಗರಿಗೂ ಅಷ್ಟೇ ಅನ್ವಯ. ಹುಡುಗರ ಮೇಲೂ ಇಂಥದು ನಡೆಯುತ್ತದೆ, ಅವರು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ.

ನಮ್ಮ ದೇಶದಲ್ಲಿ 2022ರಲ್ಲಿ ಸ್ಲೊವೇನಿಯಾ ಶಿಬಿರಕ್ಕೆ ಹೋಗಿದ್ದ ಸೈಕ್ಲಿಂಗ್ ಹುಡುಗಿಯೊಬ್ಬಳು, ಕೋಚ್ ತನ್ನ ರೂಮಿನಲ್ಲೇ ಉಳಿಯುವಂತೆ ಒತ್ತಾಯಿಸಿ ಅನುಚಿತವಾಗಿ ವರ್ತಿಸಿದನೆಂದು ಅಲ್ಲಿಂದಲೇ ದೂರು ಕಳಿಸಿದಳು. ಭಾರತೀಯ ಕ್ರೀಡಾ ಪ್ರಾಧಿಕಾರ ಆಕೆಯನ್ನು ವಾಪಸ್ ಕರೆಸಿಕೊಂಡಿತು. ಮೇಲ್ನೋಟಕ್ಕೆ ಆರೋಪ ನಿಜವೆಂದು ಸಮಿತಿ ಕಂಡುಕೊಂಡಿತು, ಕೋಚ್‌ನ ಗುತ್ತಿಗೆ ರದ್ದಾಯಿತು. ಮಹಿಳಾ ಕ್ರೀಡಾಪಟುಗಳಿರುವ ತಂಡದ ಜೊತೆ ಮಹಿಳಾ ಕೋಚ್ ಹೋಗಲೇಬೇಕೆಂದು ಪ್ರಾಧಿಕಾರ ಸೂಚಿಸಿದ್ದು ಅದರ ನಂತರ. ಅಲ್ಲಿಂದಲೇ ದೂರು ಕಳಿಸಿದ್ದನ್ನು ಗಮನಿಸಿ. ಮರುವರ್ಷ ಕುಸ್ತಿ ಪಟುಗಳು ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆರೋಪಗಳ ತೀರ್ಮಾನ ನ್ಯಾಯಾಲಯದ್ದು. ಆದರೆ ಕುಸ್ತಿ ಒಕ್ಕೂಟದಲ್ಲಿ ಕಾನೂನು ಹೇಳಿದ ರೀತಿಯ ಆಂತರಿಕ ದೂರು ಸಮಿತಿಯೇ ಇರಲಿಲ್ಲವೆಂದು ಸಚಿವಾಲಯ ನೇಮಿಸಿದ್ದ ಸಮಿತಿಯೇ ಹೇಳಿತು.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಚೇರಿಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧೆ ನಡೆಯುವ ಜಾಗ ಕೂಡ ಕೆಲಸದ ಜಾಗವೇ ಎಂದು, ಅಲ್ಲಿ ವಸತಿ ಇರಲಿ ಇಲ್ಲದಿರಲಿ, ಆ ಕಾಯ್ದೆಯೇ ಹೇಳುತ್ತದೆ. ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಹದಿನೆಂಟರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ಅಂತರರಾಷ್ಟ್ರೀಯ ಕೂಟಗಳಲ್ಲಿ ಇದಕ್ಕೆಂದೇ ಸುರಕ್ಷತಾ ಅಧಿಕಾರಿಗಳು ಇರುತ್ತಾರೆ. ನಿಮ್ಮ ತಂಡದ ಅಧಿಕಾರಿಯೇ ತೊಂದರೆ ಕೊಟ್ಟರೆ ತಂಡದ ಹೊರಗಿನ ಅವರ ಬಳಿ ಹೋಗಿ.

ನಿಮ್ಮಲ್ಲಿ ಕೆಲವರಿಗೆ ಗಂಡಿನ ಮೇಲೆ ಗಂಡಿಗೆ, ಹೆಣ್ಣಿನ ಮೇಲೆ ಹೆಣ್ಣಿಗೆ ಮನಸ್ಸಾಗುತ್ತದೆ. 2018ರಿಂದ ನಮ್ಮ ಕಾನೂನಿನಲ್ಲಿ ಅದು ಅಪರಾಧವಲ್ಲ. ಮರುವರ್ಷ ಓಟಗಾರ್ತಿ ದ್ಯುತಿ ಚಂದ್ ತಮ್ಮ ಸಂಬಂಧವನ್ನು ಬಹಿರಂಗವಾಗಿ ಹೇಳಿದರು. ನೀವೂ ಹೇಳಲೇಬೇಕೆಂದಿಲ್ಲ, ಅದು ನಿಮ್ಮ ಇಷ್ಟ. ಇನ್ನೊಬ್ಬರ ಗುಟ್ಟು ನಿಮಗೆ ತಿಳಿದರೆ ಅದನ್ನು ರೂಮಿಂದ ರೂಮಿಗೆ ಸಾಗಿಸಬೇಡಿ. ಕೆಲವು ದೇಶಗಳಲ್ಲಿ ಕಾನೂನು ಇಂದಿಗೂ ಕಠಿಣವಾಗಿದೆ. ಕೂಟ ಅಂಥ ಕಡೆಯಾದರೆ ಅಲ್ಲಿನ ನಿಯಮ ಮೊದಲೇ ತಿಳಿದುಕೊಳ್ಳಿ. ಮನಸ್ಸು ತೀರಾ ಭಾರವಾದಾಗ ಮಾತಾಡಲು ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಹೊರಡುವ ಮುಂಚೆ ಒಂದು ದಿನ ತಂಡದ ಡಾಕ್ಟರನ್ನು ಒಬ್ಬೊಬ್ಬರೇ ಹೋಗಿ ಕಾಣಿ. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲಿಟ್ಟು ಯಾವುದು ಸರಿ ಎಂದು ಕೇಳಿ. ತುರ್ತು ಮಾತ್ರೆ ತಂಡದ ಔಷಧಿ ಪೆಟ್ಟಿಗೆಯಲ್ಲಿದೆಯೇ, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು, ಹೇಳಿದ್ದು ಕೋಚ್ ಕಿವಿಗೆ ಬೀಳುತ್ತದೆಯೇ ಎಂಬುದನ್ನೂ ಕೇಳಿ. ಅವರು ಉತ್ತರ ಕೊಡದೆ ಗದರಿಸಿದರೆ ಇನ್ನೊಬ್ಬ ಡಾಕ್ಟರನ್ನು ಹುಡುಕಿ, ನಮ್ಮಲ್ಲಿ ಒಳ್ಳೆಯವರು ಬಹಳ ಜನ ಇದ್ದಾರೆ. ಅಲ್ಲಿ ಇಳಿದ ದಿನವೇ ಪಾಲಿಕ್ಲಿನಿಕ್ ಎಲ್ಲಿದೆಯೆಂದು ನಡೆದು ಹೋಗಿ ನೋಡಿಟ್ಟುಕೊಳ್ಳಿ. ಹೋಗಿ ಬನ್ನಿ ಮಕ್ಕಳೇ, ಚೆನ್ನಾಗಿ ಆಡಿ.